ಚಟಗಳೆಲ್ಲ ಒಂದೇ ಅಲ್ಲ, ಬಿಡಿಸುವ ದಾರಿಯೂ ಒಂದೇ ಅಲ್ಲ

ಬೆಳಗಾವಿಯ ಖಾಸಬಾಗದ ಮಗ್ಗದ ಮನೆಯೊಳಗೆ ಬೀಡಿ ಹಚ್ಚುವಂತಿಲ್ಲ. ಸುತ್ತಲೂ ನೂಲು, ನೂಲಿನ ಧೂಳು. ಒಂದು ಕಿಡಿ ಸಾಕು. ಆದರೆ ರಾತ್ರಿ ಪಾಳಿಯಲ್ಲಿ ಪಾವರ್‌ಲೂಮಿನ ಮುಂದೆ ನಿಂತವನು ನಿದ್ದೆ ತಡೆಯಬೇಕು, ಹಸಿವನ್ನೂ ಮರೆಯಬೇಕು. ಹಾಗಾಗಿ ಎಡ ಅಂಗೈಗೆ ತಂಬಾಕು ಬೀಳುತ್ತದೆ, ಅದರ ಮೇಲೆ ಉಗುರಿನ ತುದಿಯಷ್ಟು ಸುಣ್ಣ. ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ತಟ್ಟಿ, ಕೆಳತುಟಿಯ ಸಂದಿಗೆ ಇಟ್ಟರೆ ಆಯಿತು. ಸುಣ್ಣ ಯಾಕೆ ಎಂದು ಕೇಳಿದರೆ ‘ಖಡಕ್ ಆಗತೈತಿ’ ಎನ್ನುತ್ತಾರೆ. ರಸಾಯನಶಾಸ್ತ್ರವೂ ಅದನ್ನೇ ಹೇಳುತ್ತದೆ. ತಂಬಾಕಿನ ಎಲೆಯಲ್ಲಿ ನಿಕೋಟಿನ್ ಹೆಚ್ಚಾಗಿ ಆಮ್ಲಗಳೊಂದಿಗೆ ಕೂಡಿಕೊಂಡು ಲವಣವಾಗಿರುತ್ತದೆ. ಆ ರೂಪದಲ್ಲಿ ಅದು ಬಾಯಿಯ ಒಳಪದರವನ್ನು ಸುಲಭವಾಗಿ ದಾಟಲಾರದು. ಸುಣ್ಣ ಕ್ಷಾರ. ಅದು ಬೆರೆತಾಗ ನಿಕೋಟಿನ್ ಬಿಡುಗಡೆಯಾಗಿ ತೆಳುವಾದ ಒಳಪದರದ ಮೂಲಕ ರಕ್ತಕ್ಕೆ ಇಳಿಯುತ್ತದೆ.

ಮಾದಕ ವಸ್ತು ಎಂದಾಗ ನಮ್ಮ ಕಣ್ಣೆದುರು ಬರುವುದು ಪೊಲೀಸರು ಹಿಡಿದ ಗಾಂಜಾ ಪೊಟ್ಟಣ ಅಥವಾ ಬೆಳಗಾವಿಯ ಹುಡುಗರ ಬಾಯಲ್ಲಿ ‘ಪನ್ನಿ’ ಎನಿಸಿಕೊಂಡ ಹೆರಾಯಿನ್. ಆದರೆ ಯಾವುದು ಕಾಯ್ದೆಬದ್ಧ, ಯಾವುದು ಅಲ್ಲ ಎಂಬುದು ಮೆದುಳಿಗೆ ತಿಳಿಯದು. ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಭಂಗಿ, ಗಾಂಜಾ ಬಳಸುವವರು ಸುಮಾರು 3.1 ಕೋಟಿ, ಅಫೀಮು ಮತ್ತು ಹೆರಾಯಿನ್ ಜಾತಿಯವನ್ನು ಬಳಸುವವರು ಸುಮಾರು 2.26 ಕೋಟಿ. ತಂಬಾಕಿನ ಲೆಕ್ಕ ಬೇರೆಯೇ ಇದೆ. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ 15 ವರ್ಷ ದಾಟಿದವರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ಅದನ್ನು ಬಳಸುತ್ತಿದ್ದರು. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಜಿಲ್ಲೆಯಲ್ಲೇ ಇದೆ.

ಈ ಎಲ್ಲ ವಸ್ತುಗಳಿಗೂ ಸಾಮಾನ್ಯವಾದ ಒಂದು ಸಂಗತಿ ಇದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ಇಬ್ಬರು ಇಲಿಗಳ ಮೆದುಳಿನ ಒಂದು ಜಾಗಕ್ಕೆ ಸಣ್ಣ ತಂತಿ ಇಳಿಸಿ, ಸನ್ನೆ ಒತ್ತಿದರೆ ಅಲ್ಲಿಗೆ ಸೌಮ್ಯವಾದ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಸನ್ನೆಯನ್ನು ಒತ್ತುತ್ತಲೇ ಹೋದವು. ಮುಂದಿನ ದಶಕಗಳ ಸಂಶೋಧನೆ ಆ ಜಾಲದ ಮುಖ್ಯ ರಾಸಾಯನಿಕ ಡೋಪಮಿನ್ ಎಂದು ತೋರಿಸಿತು. ಡೋಪಮಿನ್ ಅಂದರೆ ಸುಖ ಎಂದು ಹಲವರು ಬರೆಯುತ್ತಾರೆ. ಅದು ಅರ್ಧ ಸತ್ಯ. ‘ಇದು ಮುಖ್ಯ, ನೆನಪಿಡು, ಮತ್ತೆ ಮಾಡು’ ಎಂದು ಮೆದುಳಿಗೆ ಕಲಿಸುವುದು ಅದರ ಕೆಲಸ. ಹಸಿದಾಗ ಊಟ, ಮಗುವಿನ ನಗೆ, ಗೆದ್ದ ಆಟ, ಇವೆಲ್ಲ ಅದನ್ನು ಅಷ್ಟಿಷ್ಟು ಏರಿಸುತ್ತವೆ. ಮಾದಕ ವಸ್ತುಗಳು ಸಹಜ ಮಿತಿಯನ್ನು ಮೀರಿ ಏರಿಸುತ್ತವೆ. ಅದಕ್ಕೇ ಚಟಕ್ಕೆ ಬಿದ್ದವನು ಎಷ್ಟೋ ಸಲ ‘ಈಗ ಅದರಲ್ಲಿ ಮಜಾನೂ ಇಲ್ಲ, ಆದರೂ ಬೇಕು’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಸುಖ ಕಳೆದುಹೋದ ಮೇಲೂ ಕಲಿತ ಪಾಠ ಉಳಿದಿರುತ್ತದೆ.

ಸಾಮ್ಯ ಅಲ್ಲಿಗೆ ಮುಗಿಯುತ್ತದೆ. ಇದಾದ ಮೇಲೆ ಒಂದೊಂದು ವಸ್ತುವೂ ದೇಹದ ಬೇರೆ ಬೇರೆ ವ್ಯವಸ್ಥೆಗೆ ಕೈ ಹಾಕುತ್ತದೆ. ‘ಮನಸ್ಸು ಗಟ್ಟಿ ಮಾಡಿ ಇವತ್ತೇ ಬಿಟ್ಟುಬಿಡು’ ಎಂಬ ನಮ್ಮ ಮನೆಮನೆಯ ಬುದ್ಧಿವಾದ ಒಂದು ಚಟಕ್ಕೆ ಒಳ್ಳೆಯದು, ಇನ್ನೊಂದಕ್ಕೆ ಪ್ರಾಣಾಪಾಯ. ಈ ವ್ಯತ್ಯಾಸ ಪ್ರತಿ ಮನೆಗೂ ಗೊತ್ತಿರಬೇಕು ಎಂಬುದೇ ಈ ಬರಹದ ಕಾರಣ.

ತಂಬಾಕನ್ನೇ ಮೊದಲು ನೋಡೋಣ. ಹೊಗೆಯಾಗಿ ಎಳೆದ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಬಾಯಲ್ಲಿಟ್ಟದ್ದು ನಿಧಾನವಾಗಿ ಏರಿ ಹೆಚ್ಚು ಹೊತ್ತು ನಿಲ್ಲುತ್ತದೆ. ನರಕೋಶಗಳ ಮೇಲೆ ಸಂದೇಶ ಹಿಡಿಯುವ ಜಾಗಗಳಿವೆ, ರಿಸೆಪ್ಟರ್ ಎನ್ನುತ್ತಾರೆ. ನಿಕೋಟಿನ್ ದಿನಾ ಬರತೊಡಗಿದರೆ ಅಂಥ ಜಾಗಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧವಾಗುವುದರಿಂದ ಬೆಳಗಿನ ಹೊತ್ತಿಗೆ ಅವೆಲ್ಲ ಬರಿದಾಗಿರುತ್ತವೆ. ಹಾಸಿಗೆಯಿಂದ ಎದ್ದ ಕೂಡಲೇ ಕೈ ತಂಬಾಕಿನ ಚೀಲಕ್ಕೆ ಹೋಗುವುದು ಇದಕ್ಕೇ. ಕ್ಯಾನ್ಸರ್ ತರುವುದು ನಿಕೋಟಿನ್ ಅಲ್ಲ, ಅದರ ಜೊತೆಗಿರುವ ನೈಟ್ರೊಸಮೈನ್‌ನಂಥ ವಿಷಗಳು. ನಿಕೋಟಿನ್ ಮಾಡುವುದು ಆ ವಿಷಗಳನ್ನು ದಿನವೂ ಬಾಯಿಗೆ ಕರೆತರುವ ಕೆಲಸ.

ಗಡಿ ಭಾಗದ ಹೆಂಗಸರ ತಂಬಾಕಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ತವೆಯ ಮೇಲೆ ತಂಬಾಕನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದ ಮಶೇರಿಯಿಂದ ಹಲ್ಲು ತಿಕ್ಕುವುದು ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಸೊಸೆಗೆ ಬಂದ ರೂಢಿ. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಬೇಸರವಾದಾಗ ಇನ್ನೊಂದು ಸಲ. ಹಲ್ಲುಪುಡಿ ಎಂದೇ ತಿಳಿದಿರುವುದರಿಂದ ‘ನಿಮಗೆ ತಂಬಾಕಿನ ಚಟ ಇದೆಯಾ’ ಎಂದು ವೈದ್ಯರು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಬಸುರಿಯಾದಾಗಲೂ ಬಿಡುವುದಿಲ್ಲ, ನಿಕೋಟಿನ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ, ಕಡಿಮೆ ತೂಕದ ಮಗು ಹುಟ್ಟಬಹುದು. ಇನ್ನು ಮಾವಾ, ಗುಟ್ಕಾಗಳಲ್ಲಿ ತಂಬಾಕಿನ ಜೊತೆ ಅಡಿಕೆಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಅದರಿಂದ ಕೆನ್ನೆಯ ಒಳಭಾಗ ನಾರಾಗಿ ಬಿಗಿಯುತ್ತದೆ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹೋಗದಿದ್ದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಬೇಕು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲೆ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆಯಾಗಿ ಒಂದೇ ಅಂಗಡಿಯಲ್ಲಿ ತೂಗುತ್ತವೆ.

ಒಳ್ಳೆಯ ಸುದ್ದಿಯೆಂದರೆ ತಂಬಾಕನ್ನು ಇವತ್ತೇ, ಪೂರ್ತಿಯಾಗಿ ಬಿಡಬಹುದು. ಸಿಟ್ಟು, ಚಡಪಡಿಕೆ, ನಿದ್ದೆಗೇಡು ಎರಡು ಮೂರನೆಯ ದಿನಕ್ಕೆ ತುದಿ ಮುಟ್ಟಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಬಿಡುವ ಆ ಸಂಕಟದಿಂದ ಪ್ರಾಣ ಹೋಗುವುದಿಲ್ಲ.

ಮದ್ಯದ ಕಥೆ ಹಾಗಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು, ಕುಡಿತ ಬಂದ್ ಆಗಲಿಲ್ಲ. ಖಾನಾಪುರದ ಆಚೆ ಕಣಕುಂಬಿ ದಾಟಿದರೆ ಗೋವಾ, ಅಲ್ಲಿ ಮದ್ಯ ಅಗ್ಗ. ಮದ್ಯ ಮೆದುಳಿನಲ್ಲಿ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ. ನರಗಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟ್‌ನ ಬಲ ಕುಗ್ಗಿಸುತ್ತದೆ. ಸದಾ ಬ್ರೇಕ್ ಒತ್ತಿಹಿಡಿದ ಗಾಡಿಯನ್ನು ಓಡಿಸಲು ಚಾಲಕ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುವಂತೆ, ವರ್ಷಗಟ್ಟಲೆ ಕುಡಿದವನ ಮೆದುಳು ತನ್ನ ಕೆರಳಿಕೆಯನ್ನು ಹೆಚ್ಚಿಸಿಕೊಂಡು ಹೊಂದಿಕೊಂಡಿರುತ್ತದೆ. ಒಂದು ದಿನ ಮದ್ಯ ಥಟ್ಟನೆ ನಿಂತರೆ ಬ್ರೇಕ್ ಬಿಟ್ಟಂತಾಯಿತು. ಆರೆಂಟು ತಾಸಿನಲ್ಲಿ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಇಲ್ಲದವರ ಜೊತೆ ಮಾತು, ಮೈ ಕೆಂಡ, ಎದೆ ಬಡಿತ ಜೋರು. ಗಾಳಿ ಸೋಂಕಿದೆ ಎಂದು ಮನೆಯವರು ಅಂಗಾರ ಹಚ್ಚಿಸಲು ಕರೆದೊಯ್ಯುತ್ತಾರೆ. ಅದು ಡೆಲಿರಿಯಮ್ ಟ್ರೆಮೆನ್ಸ್, ಚಿಕಿತ್ಸೆ ಸಿಗದಿದ್ದರೆ ಸಾವು ತರಬಲ್ಲದು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಒಮ್ಮೆಲೇ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಈ ಸ್ಥಿತಿಯಲ್ಲಿ ಬಂದವರು ಹೆಚ್ಚಿದ್ದನ್ನು ನಿಮ್ಹಾನ್ಸ್‌ನ ವೈದ್ಯರೂ ಸೇರಿ ದಾಖಲಿಸಿದ್ದಾರೆ.

ಆದ್ದರಿಂದ ದಿನಾ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ವೈದ್ಯರು ಡಯಾಜಿಪಾಮ್‌ನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಮೆದುಳನ್ನು ನಿಧಾನವಾಗಿ ಕೆಳಗಿಳಿಸುತ್ತಾರೆ. ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ಕುಡುಕರ ಮೈಯಲ್ಲಿ ಅದು ಬರಿದಾಗಿರುತ್ತದೆ, ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ನೆನಪಿನ ಶಕ್ತಿಗೇ ಕುತ್ತು ಬರಬಹುದು. ‘ಡಾಕ್ಟ್ರೇ, ಒಂದು ಗ್ಲೂಕೋಸ್ ಹಚ್ಚರಿ’ ಎಂದು ಒತ್ತಾಯಿಸುವ ಮೊದಲು ಇದು ನೆನಪಿರಲಿ. ಅವನಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ ಎಂಬ ಗೋಡೆ ಜಾಹೀರಾತುಗಳನ್ನೂ ನಂಬಬಾರದು. ಚಹಾದಲ್ಲಿ, ಉಪ್ಪಿಟ್ಟಿನಲ್ಲಿ ಗುಟ್ಟಾಗಿ ಬೆರೆಸುವ ಡೈಸಲ್ಫಿರಾಮ್ ಮದ್ಯದ ಜೊತೆ ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿ ಒಪ್ಪಿ, ತಿಳಿದು ತೆಗೆದುಕೊಂಡಾಗ ಮಾತ್ರ ಅದು ಔಷಧ.

ಪನ್ನಿ, ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್, ಟಪೆಂಟಡಾಲ್ ಮಾತ್ರೆ, ಇವೆಲ್ಲ ಅಫೀಮಿನ ಬಳಗ. ನೋವು ತಗ್ಗಿಸಲು ದೇಹವೇ ಎಂಡಾರ್ಫಿನ್ ತಯಾರಿಸುತ್ತದೆ. ಅದು ಕುಳಿತುಕೊಳ್ಳುವ ಜಾಗಗಳನ್ನು ಇವು ಆಕ್ರಮಿಸುತ್ತವೆ. ಅಂಥ ಜಾಗಗಳು ಮೆದುಳಿನ ಕಾಂಡದಲ್ಲಿ ಉಸಿರಾಟ ನಡೆಸುವ ಕೇಂದ್ರದಲ್ಲೂ ಇವೆ. ಹೆಚ್ಚಾದರೆ ಮನುಷ್ಯ ಉಸಿರಾಡುವುದನ್ನೇ ಮರೆಯುತ್ತಾನೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ತುಟಿ ನೀಲಿಯಾಗಿ, ಗೊರಕೆಯಂಥ ಸದ್ದು ಬರುತ್ತಿದ್ದರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು; ನ್ಯಾಲೊಕ್ಸೋನ್ ಇಂಜೆಕ್ಷನ್ ನಿಮಿಷಗಳಲ್ಲಿ ಉಸಿರು ಮರಳಿಸಬಲ್ಲದು.

ಬಿಟ್ಟಾಗ ಬರುವ ಸಂಕಟ ಭೀಕರ. ಮೂಗು ಸೋರುವುದು, ಆಕಳಿಕೆ, ಮೈ ಮುಳ್ಳೇಳುವುದು, ಹೊಟ್ಟೆ ನುಲಿತ, ಭೇದಿ. ಆದರೆ ಅದರಿಂದ ಸಾಯುವುದು ಅಪರೂಪ. ನಿಜವಾದ ಗಂಡಾಂತರ ಬಿಟ್ಟ ಮೇಲೆ ಕಾದಿರುತ್ತದೆ. ತಿಂಗಳೊಪ್ಪತ್ತು ವ್ಯಸನಮುಕ್ತಿ ಕೇಂದ್ರದಲ್ಲೋ ಜೈಲಿನಲ್ಲೋ ಇದ್ದು ಬಂದ ಹುಡುಗನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ, ಮನಸ್ಸಿಗೆ ಮಾತ್ರ ಹಳೆಯ ಪ್ರಮಾಣವೇ ನೆನಪಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇದಕ್ಕಾಗಿಯೇ ಬುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಡುವ ಪದ್ಧತಿ ಇದೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು ಎಂದು ಮನೆಯವರು ಬೇಸರಿಸಿಕೊಳ್ಳುತ್ತಾರೆ. ಜೀವ ಉಳಿಸುವ ಚಿಕಿತ್ಸೆ ಅದು.

ಗಾಂಜಾದ ಪರವಾಗಿ ಒಂದು ವಾದ ಯಾವಾಗಲೂ ಕೇಳಿಬರುತ್ತದೆ: ಅದು ಗಿಡ, ಸಾಧುಗಳು ಸೇದುತ್ತಿದ್ದರು. ಉಸಿರಾಟದ ಕೇಂದ್ರದಲ್ಲಿ ಅದಕ್ಕೆ ಹೆಚ್ಚು ನೆಲೆ ಇಲ್ಲದ್ದರಿಂದ ಹೆರಾಯಿನ್‌ನಂತೆ ಅದು ಉಸಿರು ನಿಲ್ಲಿಸುವುದಿಲ್ಲ ಎಂಬುದು ನಿಜ. ಆದರೆ ಮುಂದಾಲೋಚನೆ, ಸಂಯಮ ನೋಡಿಕೊಳ್ಳುವ ಮೆದುಳಿನ ಮುಂಭಾಗ ಸುಮಾರು 25ರ ವಯಸ್ಸಿನವರೆಗೆ ಬಲಿಯುತ್ತಲೇ ಇರುತ್ತದೆ. 50ರ ಸಾಧುವಿನ ಚಿಲುಮೆಗೂ 15ರ ಹುಡುಗನ ಸಿಗರೇಟಿಗೂ ಹೋಲಿಕೆಯೇ ಇಲ್ಲ. ಎಳೆಯ ವಯಸ್ಸಿನಲ್ಲಿ ದಿನವೂ ಸೇದುವವರಲ್ಲಿ, ಅದರಲ್ಲೂ ಮನೆತನದಲ್ಲಿ ಮನೋರೋಗ ಇದ್ದವರಲ್ಲಿ, ಸಂಶಯದ ಭ್ರಮೆ, ಯಾರೋ ಮಾತಾಡಿದಂತೆ ಕೇಳಿಸುವ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ. ಪಂಕ್ಚರ್ ಸೊಲ್ಯೂಶನ್, ವೈಟ್ನರ್ ಮೂಸುವುದು ಇನ್ನೂ ಚಿಕ್ಕವರ ಚಟ. 2019ರ ಆ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ವಸ್ತು ಇದೊಂದೇ. ಅದರ ಆವಿ ನರಗಳ ಹೊದಿಕೆಯನ್ನು ಕೆಡಿಸುತ್ತದೆ, ಮೊದಲ ಸಲವೇ ಹೃದಯದ ಲಯ ತಪ್ಪಿಸಿ ಕೊಲ್ಲಲೂಬಹುದು.

ಕೇಸು ಬೀಳುತ್ತದೆಂಬ ಹೆದರಿಕೆಯಿಂದ ಎಷ್ಟೋ ತಾಯಂದಿರು ಮಗನನ್ನು ಆಸ್ಪತ್ರೆಗೆ ಕರೆತರುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವರಿಗೆ ಗೊತ್ತಿರಬೇಕು: ಸೇವನೆ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ, ಚಿಕಿತ್ಸೆಯನ್ನು ಮಾತ್ರ ಪೂರ್ತಿ ಮಾಡಬೇಕು. ಚಿಕಿತ್ಸೆಗೆ ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ವ್ಯಸನಮುಕ್ತಿಗೆ 14446, ತಂಬಾಕು ಬಿಡಲು 1800-11-2356, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕರೆದೊಯ್ಯುವವರು ಮೂರು ವಿವರ ಹೇಳಬೇಕು: ಏನೇನು ತೆಗೆದುಕೊಳ್ಳುತ್ತಾನೆ, ದಿನಕ್ಕೆ ಎಷ್ಟು, ಕೊನೆಯ ಸಲ ತೆಗೆದುಕೊಂಡು ಎಷ್ಟು ತಾಸಾಯಿತು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಕೇಸ್ ಪೇಪರ್ ಮಾಡಿಸುವಾಗಲೇ ಅದನ್ನು ಹೇಳಿ.