ಹಕ್ಕುಪತ್ರ ನಮ್ಮ ಕೈಗೆ, ಮನಿ ಯಾರ ಕೈಗೆ?



ನಾವು ಫಾಲ್ಸಿನ ಕಡೆಯವರು. ಘಟಪ್ರಭೆಯ ನೀರಿನ ಬಲದಿಂದ 1880ರ ದಶಕದಲ್ಲಿ ಗಿರಣಿ ಎದ್ದ ಊರು ಇದು. ಕೆಲಸದ ಜೋಡಿ ಮನೆ ಸಿಗುವುದು, ಕೆಲಸ ಹೋದರೆ ಮನೆಯ ಚಿಂತೆ ಹತ್ತುವುದು ಯಾವ ಗಿರಣಿ ಊರಿಗೂ ಹೊಸದಲ್ಲ. ಅದಕ್ಕೇ "ಸರಕಾರದ ಮನೆಗಳನ್ನು ಅವುಗಳಲ್ಲಿ ಇರುವವರಿಗೇ ಮಾರಿರಿ" ಎಂಬ ಮಾತು ಕೇಳಿದರೆ ನಮ್ಮ ಕಿವಿ ನಿಮಿರುತ್ತದೆ.

ನಮ್ಮ ಓಣಿಯ ಆಯಿ ಒಬ್ಬಾಕಿ ಅಂದಳು: "ತಮ್ಮಾ, ಸತ್ರೂ ನನ್ನ ಹೆಸರಿನ ಮನ್ಯಾಗ ಸಾಯಬೇಕು ನೋಡಪಾ." ಈ ಮಾತಿಗೆ ನಾವು ಎದುರಾಡುವುದಿಲ್ಲ. ಊರ ಹೊರಗೆ ಇಟ್ಟ ಜನಕ್ಕೆ ಉತಾರದಲ್ಲಿ ಹೆಸರು ಏರುವುದೆಂದರೆ ಬರೀ ಕಾಗದದ ಮಾತಲ್ಲ.

ಆದರೆ ಇನ್ನೊಂದು ಮಾತೂ ಇದೆ. ಬಾಬಾಸಾಹೇಬರು ಮುಂಬಯಿಯ ಪರೇಲಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನ ಎರಡು ಕೋಣೆಗಳಲ್ಲಿ ಸುಮಾರು ಇಪ್ಪತ್ತು ವರ್ಷ ಬಾಡಿಗೆಗೆ ಇದ್ದರು. 1930ರ ದಶಕದಲ್ಲಿ ದಾದರಿನಲ್ಲಿ ಸ್ವಂತ ಮನೆ 'ರಾಜಗೃಹ' ಕಟ್ಟಿಸಿ ಹೋದರು. ಹಿಂದೆ ಚಾಳು ಚಾಳಾಗಿಯೇ ಉಳಿಯಿತು. ಒಬ್ಬ ಬಾಡಿಗೆದಾರ ಬಿಟ್ಟ ಕೋಣೆಗೆ ಇನ್ನೊಬ್ಬ ಬಡವ ಬರಬಹುದು. ಮಾರಿದ ಕೋಣೆಗೆ ಯಾರು ಬರುತ್ತಾರೆ? ರೊಕ್ಕ ಇದ್ದವನು.

ಇಂಗ್ಲೆಂಡಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. 1980ರಲ್ಲಿ ಥ್ಯಾಚರ್ ಸರಕಾರ ಕಾಯ್ದೆ ತಂದು, ಪುರಸಭೆಯ ಮನೆಗಳಲ್ಲಿ ಮೂರು ವರ್ಷ ಇದ್ದವರಿಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬೆಲೆ ಇಳಿಸಿ ಮಾರಿತು. ಈವರೆಗೆ ಸುಮಾರು 20 ಲಕ್ಷ ಮನೆ ಹೋಗಿವೆ. ಕೊಂಡ ಕೂಲಿಕಾರರಿಗೆ ಲಾಭವಾಯಿತು, ಸುಳ್ಳಲ್ಲ. ಆದರೆ ಮಾರಿದಷ್ಟು ಮನೆ ತಿರುಗಿ ಕಟ್ಟಲಿಲ್ಲ. ಲಂಡನ್ನಿನಲ್ಲಿ ಹಾಗೆ ಮಾರಿದ ಹತ್ತು ಮನೆಗಳಲ್ಲಿ ನಾಲ್ಕು ಖಾಸಗಿ ಮಾಲಕರ ಬಾಡಿಗೆ ಮನೆಗಳಾಗಿವೆ ಎಂದು 2019ರ ವರದಿ ಹೇಳಿತು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟ ನಿಲ್ಲಿಸಿದವು.

ಅಷ್ಟು ದೂರ ಯಾಕೆ? ಭೂಮಿಯ ವಿಷಯದಲ್ಲಿ ನಾವೇ ಈ ಪಾಠ ಕಲಿತಿದ್ದೇವೆ. ಸರಕಾರ ಮಂಜೂರು ಮಾಡಿದ ಜಮೀನು ಸಾಲಕ್ಕೆ, ಮದುವೆಗೆ, ಔಷಧಕ್ಕೆ ಕೈಬಿಟ್ಟಿತು. ಅದಕ್ಕೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು: ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರಕಾರದ ಅನುಮತಿ ಇಲ್ಲದೆ ಮಾರಾಟವಾದರೆ ಮಾರಾಟ ರದ್ದು, ಜಮೀನು ವಾಪಸು. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಎಂದಿತು. 2023ರಲ್ಲಿ ಮತ್ತೆ ಕಾಯ್ದೆ ತಿದ್ದಬೇಕಾಯಿತು. ಹೋದದ್ದರ ಬೆನ್ನುಹತ್ತಿ 45 ವರ್ಷ!

"ನಮ್ಮ ಮನಿ ಮಾರಾಕ ಮತ್ತೊಬ್ಬರ ಅಪ್ಪಣಿ ಯಾಕ ಬೇಕು? ನಾವೇನು ಸಣ್ಣ ಹುಡುಗರೇನು?" ಎಂದು ಗೆಳೆಯನೊಬ್ಬ ಸಿಟ್ಟಾದ. ಸಿಟ್ಟು ನ್ಯಾಯದ್ದೇ. ಆದರೆ ಗೆಳೆಯಾ, ಮಾರುವವರು ನಾವಲ್ಲ. ಮಾರಿಸುವುದು ದವಾಖಾನಿಯ ಬಿಲ್ಲು, ಸಾವಕಾರನ ಬಡ್ಡಿ. ಅಪ್ಪಣೆ ಬೇಕಾದದ್ದು ನಮ್ಮನ್ನು ಕಟ್ಟಿಹಾಕಲಿಕ್ಕಲ್ಲ, ಕೊಳ್ಳಲು ಕಾದು ಕೂತವನನ್ನು ತಡೆಯಲಿಕ್ಕೆ.

ಸ್ಲಮ್ ಬೋರ್ಡು, ಪುರಸಭೆ, ಸರಕಾರಕ್ಕೆ ನಮ್ಮ ಮಾತು ಇಷ್ಟು. ಹಕ್ಕುಪತ್ರ ಕೊಡಿರಿ, ಹೆಣ್ಣುಮಗಳ ಹೆಸರಿಗೆ ಕೊಡಿರಿ. ರಿಪೇರಿ ಮಾಡಿ ಕೊಡಿರಿ; ಸೋರುವ ಮಾಳಿಗೆಯನ್ನು ಹಕ್ಕಿನ ಹೆಸರಲ್ಲಿ ನಮ್ಮ ಕೊರಳಿಗೆ ಕಟ್ಟಬ್ಯಾಡ್ರಿ. ಮಾರುವ ಗತಿ ಬಂದರೆ ಮೊದಲು ಸರಕಾರವೇ ನ್ಯಾಯದ ಬೆಲೆಗೆ ಕೊಳ್ಳಲಿ. ಒಂದು ಮನೆ ಮಾರಿದರೆ ಅದೇ ಊರಲ್ಲಿ ಒಂದು ಮನೆ ಕಟ್ಟಲಿ.

ಆಯಿ ತನ್ನ ಮನೆಯಲ್ಲೇ ಕಣ್ಣು ಮುಚ್ಚಲಿ. ಆದರೆ ನಾಳೆ ಕೂಸು ಕಟ್ಟಿಕೊಂಡು ಈ ಊರಿಗೆ ಕೂಲಿಗೆ ಬರುವ ತಂಗಿ ಎಲ್ಲಿ ಇರಬೇಕು? ಹಕ್ಕುಪತ್ರ ಹಂಚುವ ಮಂತ್ರಿಗಳನ್ನು, ಅವರು ವೇದಿಕೆ ಇಳಿಯುವ ಮೊದಲೇ, ಇದನ್ನು ಕೇಳೋಣ.

ಜೈ ಭೀಮ್.