ಮದುವೆ ಡೈರಿ, ಭಾಗ 4: ಹಾರ ಕಟ್ಟೋ ಕೈ ಯಾರದ್ದು?

ಅಡುಗೆಯವರ ಬಗ್ಗೆ ಬರೆದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಹೂವಿಗೆ ಯಾರನ್ನ ಹಿಡೀಬೇಕು, ದಾವಣಗೆರೆಯವರನ್ನೋ ಶಿವಮೊಗ್ಗದವರನ್ನೋ?" ಕೇಳಿದವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೈಕೊಳ್ಳೋರು ಬೈಕೊಳ್ಳಿ. ಸ್ಟೇಜ್ ಯಾರಿಗಾದ್ರೂ ಕೊಡಿ. ಹಾರ, ದಂಡೆ, ಮೊಗ್ಗಿನ ಜಡೆ ಮಾತ್ರ ನಿಮ್ಮೂರಲ್ಲೇ ಕೂತು ಹೂ ಕಟ್ಟೋರಿಗೆ ಕೊಡಿ.

ಯಾಕೆ ಅಂದ್ರೆ, ನಮ್ಮ ಚಿಕ್ಕಪ್ಪನ ಮಗಳ ಮದುವೆ ಜಗಳೂರಲ್ಲಿ, ಮೇ ತಿಂಗಳು. ಜಗಳೂರಿನ ಬಿಸಿಲು ಗೊತ್ತಲ್ಲ. ರೀಲ್ಸ್ ನೋಡಿ ದೂರದ ಸಿಟಿಯ ಡೆಕೋರೇಷನ್‌ನವರಿಗೆ ಎಲ್ಲಾನೂ ಒಪ್ಪಿಸಿದ್ವಿ, ಅರ್ಧ ದುಡ್ಡು ಮುಂಗಡ. ಸ್ಟೇಜ್ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಹಾರ ಹಿಂದಿನ ದಿನವೇ ಕಟ್ಟಿ ಪ್ಲಾಸ್ಟಿಕ್ ಕವರಿಗೆ ತುಂಬಿ ವ್ಯಾನಲ್ಲಿ ತಂದಿದ್ರು. ಬೆಳಿಗ್ಗೆ ಬಿಚ್ಚಿದ್ರೆ ಗುಲಾಬಿ ಬೆಂದು ಕಪ್ಪಾಗಿದೆ, ಸುಗಂಧರಾಜ ಕೊಳೆತ ವಾಸನೆ. ಒಳಗೆ ಮದುಮಗಳು ಅಳ್ತಾ ಕೂತಿದ್ಲು. ಮುಹೂರ್ತಕ್ಕೆ ಒಂದು ಗಂಟೆ ಇತ್ತು. ನಾನು ಬೈಕ್ ತಗೊಂಡು ಬಸ್ ಸ್ಟ್ಯಾಂಡ್ ಹತ್ರ ಓಡಿದೆ. ಬುಟ್ಟಿ ಇಟ್ಕೊಂಡು ಕೂತಿದ್ದ ಅಕ್ಕ ನನ್ನ ಮುಖ ನೋಡಿದ್ಲು, ಇದ್ದ ಸೇವಂತಿಗೆ, ಕನಕಾಂಬರದಲ್ಲೇ ಮುಕ್ಕಾಲು ಗಂಟೆಗೆ ಜೋಡಿ ಹಾರ ಕಟ್ಟಿಕೊಟ್ಲು. ಕಟ್ತಾ ಕಟ್ತಾನೇ ಬೈದ್ಲು: "ಎರಡು ದಿನ ಮೊದ್ಲು ಹೇಳಿದ್ರೆ ಹಡಗಲಿ ಮಲ್ಲಿಗೆ ತರಿಸ್ತಿದ್ನಲ್ಲಪ್ಪ!"

ಆಲ್ಬಮ್ಮಲ್ಲಿ ಅಕ್ಕಿಕಾಳು ಬೀಳೋ ಫೋಟೋದಲ್ಲಿ ಇರೋದು ಆ ಹಾರವೇ.

ಆಕೆ ಹೇಳಿದ್ದು ಸರಿ. ಜಿಐ ಟ್ಯಾಗ್ ಇರೋ ಹಡಗಲಿ ಮಲ್ಲಿಗೆ ಪಕ್ಕದ ವಿಜಯನಗರ ಜಿಲ್ಲೆಯದ್ದು. ಬೇಸಿಗೆ ಮದುವೆಗೆ ಅದನ್ನ ಬಿಟ್ಟು ಬೆಂಗಳೂರಿಂದ ಗುಲಾಬಿ ಹೊತ್ತು ತರೋದು ಯಾಕೆ? ಮಲ್ಲಿಗೆ ಮೊಗ್ಗು ಬೆಳಗಿನ ಜಾವ ಬಿಡಿಸಿದ್ರೆ ಸಂಜೆಗೆ ಅರಳುತ್ತೆ. ರಾತ್ರಿ ರಿಸೆಪ್ಷನ್ನಿಗೆ ಯಾವ ಮೊಗ್ಗು, ಬೆಳಗಿನ ಮುಹೂರ್ತಕ್ಕೆ ಯಾವುದು ಅನ್ನೋದು ದಿನಾ ಕಟ್ಟೋ ಕೈಗೆ ಗೊತ್ತು. ಒದ್ದೆ ಬಟ್ಟೆ, ಬಾಳೆಎಲೆಯಲ್ಲಿ ಸುತ್ತಿಡೋದು ಅವರಿಗೆ ಯಾರೂ ಕಲಿಸಬೇಕಿಲ್ಲ. ಮಲ್ಲಿಗೆ ಸಿಗದ ತಿಂಗಳಲ್ಲಿ ಕಾಕಡ ಇದೆ. ಕನಕಾಂಬರಕ್ಕೆ ವಾಸನೆ ಇಲ್ಲ, ಆದ್ರೆ ಬೇಗ ಬಾಡಲ್ಲ. ಚನ್ನಗಿರಿಯವರಿಗಂತೂ ತೋಟದಲ್ಲೇ ಅಡಿಕೆ ಹೊಂಬಾಳೆ ಇದೆ. ಮಂಟಪಕ್ಕೆ ಅದಕ್ಕಿಂತ ಚೆಂದ ಯಾವುದಿದೆ? (ಒಂದು ಹೊಂಬಾಳೆ ಕಡಿದ್ರೆ ಒಂದು ಗೊನೆ ಹೋಯ್ತು ಅಂತ ಮನೆ ಯಜಮಾನ್ರು ಗೊಣಗ್ತಾರೆ, ಅದೂ ನಿಜವೇ.)

ಡೆಕೋರೇಷನ್‌ನವರ ಹತ್ರ ಹೋದಾಗ ಫೋಟೋ ನೋಡೋಕೆ ಮೊದ್ಲು ಒಂದು ಕೇಳಿ: "ಅವತ್ತು ಇನ್ನೆಷ್ಟು ಮಂಟಪ ಒಪ್ಕೊಂಡಿದೀರಾ?" ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಹಾಗಾಗಿ ಒಳ್ಳೇ ಮುಹೂರ್ತದ ದಿನ ಎಲ್ಲಾ ಛತ್ರನೂ ಫುಲ್. ಮೂರು ಮಂಟಪ ಹಿಡಿದವನು ನಿಮ್ಮಲ್ಲಿಗೆ ಎಷ್ಟೊತ್ತಿಗೆ ಬರ್ತಾನೆ ಅನ್ನೋದು ನಿಮ್ಮ ಅದೃಷ್ಟ. ಯಾವ ಹೂವು, ಎಷ್ಟು, ಎಷ್ಟು ಗಂಟೆಗೆ, ನಿಜವಾದ ಹೂವೋ ಪ್ಲಾಸ್ಟಿಕ್ಕೋ, ಎಲ್ಲಾ ಚೀಟಿಯಲ್ಲಿ ಬರೆಸ್ಕೊಳ್ಳಿ. ಥರ್ಮಾಕೋಲ್ ತಂದ್ರೆ ಬೇಡ ಅನ್ನಿ. ಅಲಂಕಾರಕ್ಕೆ ಅದನ್ನ ಬಳಸೋದು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಹೂ ಚುಚ್ಚೋ ಹಸಿರು ಫೋಮ್ ಕೂಡ ಪ್ಲಾಸ್ಟಿಕ್ಕೇ, ತಿಪ್ಪೆಗೆ ಹಾಕಿದ್ರೆ ಕೊಳೆಯಲ್ಲ.

ಊರಿನ ಹೂವಿನವರ ಹತ್ರಾನೂ ಕಣ್ಣು ಮುಚ್ಚಿ ನಂಬಬೇಡಿ. ಮಾರು ಅಂದ್ರೆ ನಾಲ್ಕು ಮೊಳ, ಆದ್ರೆ ಮೊಳ ಅವರವರ ಕೈ ಅಳತೆ. ಒಬ್ಬರು ದಟ್ಟವಾಗಿ ಕಟ್ತಾರೆ, ಇನ್ನೊಬ್ಬರು ದಾರ ಕಾಣೋ ಹಾಗೆ ಬಿಡಿಬಿಡಿಯಾಗಿ. ಒಂದು ಮಾರು ಕಟ್ಟಿಸಿ, ಮನೇಲಿ ಇಟ್ಟು, ಮಾರನೇ ದಿನ ಹೇಗಿದೆ ನೋಡಿ, ಆಮೇಲೆ ಮಾತಾಡಿ. ರೇಟಲ್ಲಿ ಮಾತ್ರ ಜಗ್ಗಾಡಬೇಡಿ. ಸ್ಟೇಜಿಗೆ ಕೇಳಿದಷ್ಟು ಎಣಿಸಿಕೊಟ್ಟು, ನಾಲ್ಕು ಗಂಟೆಗೆ ಎದ್ದು ಹೂ ಕಟ್ಟಿದ ಅಕ್ಕನ ಹತ್ರ ಮಾರಿಗೆ ಐದು ರೂಪಾಯಿ ಕಮ್ಮಿ ಮಾಡಿಸೋರನ್ನ ನೋಡಿದೀನಿ. ಆ ಅಕ್ಕನಿಗೂ ಮುಂಗಡ ಕೊಡಿ. ಹೂ ತರಿಸೋಕೆ ಅವಳೂ ಕೈಯಿಂದ ದುಡ್ಡು ಹಾಕಬೇಕಲ್ಲ.

ಹೊನ್ನಾಳಿ, ನ್ಯಾಮತಿಯವರೇ, ನಿಮ್ಮ ಕಡೆ ಈಗ ಕಾಕಡ ಮಾರಿಗೆ ಎಷ್ಟು ನಡೀತಿದೆ? ಕಾಮೆಂಟಲ್ಲಿ ಹಾಕಿ. ಭಾಗ 5ರಲ್ಲಿ ವಾಲಗದವರು.