ಮನೆಯ ನಾಯಿ ಕಣಕ್ಕಿಳಿದಾಗ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಅಲ್ಲೊಂದು ಹತ್ತು ತಿಂಗಳ ಹಳದಿ ಲ್ಯಾಬ್ರಡಾರ್. ಹರಿಹರದ ಪರಿಚಯಸ್ಥರ ಮನೆಯಲ್ಲಿ ಹುಟ್ಟಿದ ಮರಿ. ಅದನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದದ್ದು ಮನೆಯ ಹುಡುಗಿ. ಓದುತ್ತಿರುವುದು ಒಂಬತ್ತನೇ ತರಗತಿ. ನಾಯಿ ಈಗ ದಷ್ಟಪುಷ್ಟವಾಗಿದೆ. ನೋಡಿದವರೆಲ್ಲ ‘ಇದನ್ನು ಶೋಗೆ ಹಾಕಿ, ಕಪ್ ಗ್ಯಾರಂಟಿ’ ಎನ್ನುತ್ತಾರೆ. ಪಕ್ಕದ ಮನೆಯ ಯಜಮಾನರು ಮಾತ್ರ ತಕರಾರು ತೆಗೆಯುತ್ತಾರೆ: ‘ಇದರ ಅಪ್ಪ ಅಮ್ಮ ಎರಡೂ ಕರಿ ನಾಯಿ ಅಂತೀರಿ. ಹಳದಿ ಮರಿ ಹೇಗಾಯ್ತು? ಇದು ಬೆರಕೆ.’

ಹುಡುಗಿಯ ಮುಖ ಚಿಕ್ಕದಾಗುತ್ತದೆ. ನೆರೆಯವರ ಮಾತು ನಿಜವೇ?

ಅಲ್ಲ. ಲ್ಯಾಬ್ರಡಾರಿಗೆ ಒಪ್ಪಿತವಾದ ಬಣ್ಣಗಳು ಮೂರು: ಕಪ್ಪು, ಹಳದಿ, ಕಂದು. ಇವುಗಳ ಹಿಂದೆ ಮುಖ್ಯವಾಗಿ ಎರಡು ಜೀನುಗಳಿವೆ. ಒಂದು, ಬಣ್ಣ ಕಪ್ಪೋ ಕಂದೋ ಎಂದು ನಿರ್ಧರಿಸುತ್ತದೆ. ಕಪ್ಪು ಪ್ರಬಲ, ಕಂದು ದುರ್ಬಲ. ಇನ್ನೊಂದು, ಆ ಗಾಢ ಬಣ್ಣ ಕೂದಲಿಗೆ ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಈ ಎರಡನೆಯದರ ದುರ್ಬಲ ರೂಪ ತಂದೆಯಿಂದಲೂ ತಾಯಿಯಿಂದಲೂ ಬಂದು ಜೋಡಿಯಾದರೆ, ಮೊದಲ ಜೀನು ಏನೇ ಹೇಳಲಿ, ನಾಯಿ ಹಳದಿಯೇ. ಎರಡೂ ದುರ್ಬಲ ಗುಣಗಳನ್ನು ಒಳಗೆ ಬಚ್ಚಿಟ್ಟುಕೊಂಡ ಎರಡು ಕಪ್ಪು ನಾಯಿಗಳು ಕೂಡಿದರೆ, ಸರಾಸರಿ 16 ಮರಿಗಳಲ್ಲಿ 9 ಕಪ್ಪು, 3 ಕಂದು, 4 ಹಳದಿ. ಮೆಂಡೆಲನ ಬಟಾಣಿ ಗಿಡದ 9:3:3:1ನ್ನು ಉರುಹೊಡೆದ ವಿದ್ಯಾರ್ಥಿಗಳು ಕೊನೆಯ ಎರಡು ಅಂಕಿಗಳನ್ನು ಕೂಡಿಸಿ ನೋಡಲಿ, ಇಲ್ಲಿನ 4 ಎಲ್ಲಿಂದ ಬಂತೆಂದು ಹೊಳೆಯುತ್ತದೆ. ಎರಡು ಹಳದಿ ನಾಯಿಗಳಿಗೆ ಕಪ್ಪು ಮರಿ ಹುಟ್ಟಿದ್ದರೆ ಆಗ ನೆರೆಯವರ ಅನುಮಾನಕ್ಕೆ ಅರ್ಥವಿರುತ್ತಿತ್ತು!

ಬಣ್ಣದ ಪ್ರಶ್ನೆ ಬಗೆಹರಿಯಿತು. ಆದರೆ ಪ್ರದರ್ಶನದ ಮೇಜಿನ ಮುಂದೆ ಕೇಳುವ ಪ್ರಶ್ನೆ ಬೇರೆ: ‘ಪೇಪರ್ ಇದೆಯೇ?’

ಈ ಪೇಪರ್ ಎಂದರೆ ವಂಶಾವಳಿಯ ಪತ್ರ. ಇಂಗ್ಲಿಷಿನಲ್ಲಿ ಪೆಡಿಗ್ರಿ. ಹಳೆಯ ಫ್ರೆಂಚಿನಲ್ಲಿ ಈ ಪದದ ಅರ್ಥ ಕ್ರೌಂಚ ಪಕ್ಷಿಯ ಪಾದ. ಒಂದು ಹೆಸರಿನಿಂದ ಕವಲೊಡೆಯುವ ಗೆರೆಗಳು ಹಕ್ಕಿಯ ಕಾಲ್ಬೆರಳುಗಳಂತೆ ಕಂಡಿದ್ದರಿಂದ ಈ ಹೆಸರು. ಮೂರು ತಲೆಮಾರು ಬರೆದರೆ 2, 4, 8, ಒಟ್ಟು 14 ಹೆಸರುಗಳಾಗುತ್ತವೆ. ನಮ್ಮ ದೇಶದಲ್ಲಿ ಇಂಥ ದಾಖಲೆ ಇಡುವ ಪ್ರಮುಖ ಸಂಸ್ಥೆ ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾ. ಹರಿಹರದ ಮರಿಗೆ ಇಂಥ ಪತ್ರವಿಲ್ಲ. ತಾಯಿಯನ್ನು ನೋಡಿದ್ದಾರೆ, ತಂದೆ ಇಂಥವರ ಮನೆಯದೆಂದು ಕೇಳಿದ್ದಾರೆ, ಅಷ್ಟೇ. ಮನೆಯಲ್ಲಿ ಸಾಕುವುದಕ್ಕೆಂದೇ ಹುಟ್ಟಿಸಿದ ನಾಯಿಗಳಲ್ಲಿ ಬಹುಪಾಲಿನವುಗಳ ಕಥೆ ಇದೇ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ವಂಶ ಗೊತ್ತಿಲ್ಲದ ನಾಯಿಯನ್ನೂ ತೀರ್ಪುಗಾರರು ಪರೀಕ್ಷಿಸಿ, ತಳಿಯ ಲಕ್ಷಣ ಇದೆಯೆಂದು ಒಪ್ಪಿದರೆ ನೋಂದಾಯಿಸುವ ಕ್ರಮವುಂಟು. ಆ ಪತ್ರದಲ್ಲಿ ಪೂರ್ವಜರ ಜಾಗ ಮಾತ್ರ ಖಾಲಿ. ಕೃಷಿಮೇಳ, ಜಾತ್ರೆಗಳಲ್ಲಿ ನಡೆಯುವ ಊರಿನ ಶ್ವಾನ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಕಾಗದ ಕೇಳುವುದೇ ಇಲ್ಲ. ಹೊಸಬರು ಅಲ್ಲಿಂದ ಶುರುಮಾಡುವುದು ಒಳ್ಳೆಯದು. ಹುಚ್ಚುನಾಯಿ ರೋಗದ ಲಸಿಕೆಯ ಚೀಟಿಯನ್ನಂತೂ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಪಾರ್ವೊ, ಡಿಸ್ಟೆಂಪರ್ ಲಸಿಕೆ ಹಾಕಿಸದ ಮರಿಯನ್ನು ನೂರು ನಾಯಿಗಳ ನಡುವೆ ಒಯ್ಯುವುದು ಅಪಾಯ.

ಈ ಪ್ರದರ್ಶನಗಳು ಹುಟ್ಟಿದ್ದೇ ಏಕೆ? ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ 1859ರ ಜೂನಿನಲ್ಲಿ ನಡೆದದ್ದನ್ನು ಮೊದಲ ಆಧುನಿಕ ಶ್ವಾನ ಪ್ರದರ್ಶನ ಎನ್ನುತ್ತಾರೆ. ಅಲ್ಲಿ ಬಂದಿದ್ದವು ಪಾಯಿಂಟರ್, ಸೆಟರ್ ಎಂಬ ಬೇಟೆಯ ನಾಯಿಗಳು ಮಾತ್ರ; ಬಹುಮಾನ ಬಂದೂಕು. 1873ರಲ್ಲಿ ಲಂಡನ್ನಿನ ಕೆನೆಲ್ ಕ್ಲಬ್ ಸ್ಥಾಪನೆಯಾಯಿತು. ಮುಂದಿನ ವರ್ಷವೇ ವಂಶಾವಳಿಯ ಮೊದಲ ಪುಸ್ತಕ ಹೊರಬಂತು. ಮುಂದಿನ ತಲೆಮಾರಿಗೆ ತಂದೆ ತಾಯಿಯಾಗಲು ಯಾವ ನಾಯಿ ಯೋಗ್ಯ ಎಂದು ಆರಿಸುವುದು ಈ ಪ್ರದರ್ಶನಗಳ ಮೂಲ ಉದ್ದೇಶ. ಇಂದಿಗೂ ಅಂತರರಾಷ್ಟ್ರೀಯ ಲಕ್ಷಣಪಟ್ಟಿಗಳ ಕೊನೆಗೆ ಒಂದು ಸಾಲು ಇರುತ್ತದೆ: ಗಂಡುನಾಯಿಗೆ ಎರಡು ವೃಷಣಗಳೂ ಸರಿಯಾಗಿ ಇಳಿದಿರಬೇಕು. ಸೌಂದರ್ಯ ಸ್ಪರ್ಧೆಗೆ ಈ ನಿಯಮ ಏತಕ್ಕೆ ಬೇಕಿತ್ತು ಹೇಳಿ!

ಹೊಸಬರು ತಪ್ಪು ತಿಳಿಯುವ ಜಾಗ ಇನ್ನೊಂದಿದೆ. ತೀರ್ಪುಗಾರರು ಒಂದು ನಾಯಿಯನ್ನು ಪಕ್ಕದ ನಾಯಿಯ ಜೊತೆ ಹೋಲಿಸುತ್ತಾರೆಂದೇ ಎಲ್ಲರೂ ಭಾವಿಸುತ್ತಾರೆ. ವಾಸ್ತವವಾಗಿ ಪ್ರತಿ ನಾಯಿಯನ್ನೂ ಹೋಲಿಸುವುದು ಆ ತಳಿಯ ಲಿಖಿತ ಲಕ್ಷಣಪಟ್ಟಿಯ ಜೊತೆ. ಗಂಡು ಲ್ಯಾಬ್ರಡಾರಿನ ಎತ್ತರ ಹೆಗಲಿನ ಬಳಿ 56ರಿಂದ 57 ಸೆಂಟಿಮೀಟರು ಇರಬೇಕು. ಬಾಲ ಬುಡದಲ್ಲಿ ದಪ್ಪಗಿದ್ದು ತುದಿಗೆ ಸಣ್ಣಗಾಗುತ್ತ ನೀರುನಾಯಿಯ ಬಾಲದಂತಿರಬೇಕು. ಕೂದಲು ಎರಡು ಪದರ, ನೀರು ಒಳಗಿಳಿಯದ ಹಾಗೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ: ಬೆಳೆದ ನಾಯಿಗೆ 42 ಹಲ್ಲು; ಮೇಲಿನ ಬಾಚಿಹಲ್ಲುಗಳು ಕೆಳಗಿನವನ್ನು ಕತ್ತರಿಯ ಅಲಗುಗಳಂತೆ ಒತ್ತಿಕೊಂಡು ಕೂರಬೇಕು.

ಹೀಗೆ ಅಪರಿಚಿತರೊಬ್ಬರು ಬಾಯಿಗೆ ಕೈ ಹಾಕಿದಾಗ ಗುರ್ ಎನ್ನದೆ ನಿಲ್ಲುವುದನ್ನು ಮನೆಯಲ್ಲೇ ಕಲಿಸಬೇಕು. ದಿನಕ್ಕೆ ಎರಡು ನಿಮಿಷ ಹಲ್ಲು ತೋರಿಸುವ ಅಭ್ಯಾಸ. ನೆಂಟರಿಷ್ಟರು ಬಂದಾಗ ಅವರಿಂದಲೂ. ಆಮೇಲೆ ನಾಲ್ಕು ಕಾಲೂರಿ ಅಲುಗದೆ ನಿಲ್ಲುವುದು. ಆಮೇಲೆ ಎಡಗಡೆ ನಾಯಿಯನ್ನಿಟ್ಟುಕೊಂಡು, ಹಗ್ಗ ಸಡಿಲವಾಗಿ ಹಿಡಿದು ಒಂದೇ ಲಯದಲ್ಲಿ ಓಡುವುದು. ತೀರ್ಪುಗಾರರು ಕಣದ ನಡುವೆ ನಿಂತಿರುತ್ತಾರೆ, ಅವರಿಗೂ ನಾಯಿಗೂ ನಡುವೆ ಮಾಲೀಕರ ಕಾಲು ಅಡ್ಡ ಬರಬಾರದು. ಹರಿಹರದ ಅಜ್ಜಿಮನೆಗೆ ಹೋದಾಗ ತುಂಗಭದ್ರೆಯ ದಡದಲ್ಲಿ ಬೆಳಗಿನ ತಂಪಿನಲ್ಲಿ ಇದನ್ನು ಮಾಡಿಸಬಹುದು. ಬಿಸಿಲೇರಿದ ಮೇಲೆ ಬೇಡ. ನಾಯಿಗೆ ಬೆವರುವುದು ಅಂಗಾಲುಗಳಲ್ಲಿ ಮಾತ್ರ. ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ನಾಲಗೆ ಚಾಚಿ ತೇಕುವುದರಿಂದ.

ಇನ್ನು ದಾವಣಗೆರೆಯದೇ ಆದ ಒಂದು ತೊಂದರೆ: ಸಂಜೆಯ ಮಂಡಕ್ಕಿ, ಭಾನುವಾರದ ಬೆಣ್ಣೆದೋಸೆ. ಲ್ಯಾಬ್ರಡಾರ್ ಬೇಡುವ ಕಣ್ಣುಗಳಿಗೆ ಸೋಲದ ಮನೆಯಿಲ್ಲ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಕಾರಣವೊಂದನ್ನು ಪ್ರಕಟಿಸಿದರು. ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನಿನಲ್ಲಿ ಸಣ್ಣ ತುಂಡು ಕಳಚಿಹೋಗಿರುವುದು ಸುಮಾರು ನಾಲ್ಕು ಲ್ಯಾಬ್ರಡಾರಿಗೊಂದರಲ್ಲಿ ಕಂಡುಬಂತು. ಅಂಥ ನಾಯಿಗೆ ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಅದು ಕೇಳುತ್ತದೆಂದು ಕೊಡುತ್ತಾ ಹೋದರೆ ಪಕ್ಕೆಲುಬು ಕೈಗೆ ಸಿಗದಷ್ಟು ಕೊಬ್ಬುತ್ತದೆ. ನೋಡಿದವರು ದಷ್ಟಪುಷ್ಟ ಎಂದದ್ದು ಬಹುಶಃ ಇದನ್ನೇ. ಮಂಡಕ್ಕಿಯಲ್ಲಿ ಹೆಚ್ಚಿ ಹಾಕಿದ ಈರುಳ್ಳಿಯಂತೂ ನಾಯಿಗೆ ವಿಷ. ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಕಾಗದವಿಲ್ಲವೆಂದು ಕೊರಗುವವರು ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ನೋಡಬೇಕು. ಅಲ್ಲಿನ ಹಳ್ಳಿಗರು ತಲೆಮಾರುಗಳಿಂದ ಓಟ ನೋಡಿ, ಕಣ್ಣು ನೋಡಿ ಮರಿ ಆರಿಸಿದರೇ ಹೊರತು ಪತ್ರ ನೋಡಿ ಅಲ್ಲ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಅಂಥ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಮರಿಗಳು ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಕೆನೆಲ್ ಕ್ಲಬ್ಬಿನ ಪುಸ್ತಕದಲ್ಲಿ ಇದಕ್ಕೆ ಕ್ಯಾರವಾನ್ ಹೌಂಡ್ ಎಂಬ ಹೆಸರು. ಲ್ಯಾಬ್ರಡಾರ್ ಕೂಡ ಅಷ್ಟೇ: ಮೂಲತಃ ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಮೀನುಗಾರರ ನಾಯಿಗಳ ಸಂತತಿ, ತಳಿಯೆಂದು ಇಂಗ್ಲೆಂಡಿನಲ್ಲಿ ಮಾನ್ಯವಾದದ್ದು 1903ರಲ್ಲಿ.

ಹಾಗಾದರೆ ಪತ್ರಕ್ಕೆ ಬೆಲೆಯಿಲ್ಲವೇ? ಇದೆ. ಆದರೆ ಕಪ್ಪಿಗಾಗಿ ಅಲ್ಲ. ಕಪ್ಪು ನಾಯಿಯೊಳಗೆ ಹಳದಿ ಬಣ್ಣ ಅಡಗಿದ್ದಂತೆಯೇ, ಕಣ್ಣು ಚೆನ್ನಾಗಿರುವ ನಾಯಿಯೊಳಗೆ ಕುರುಡುತನ ಅಡಗಿರಬಹುದು. ಅಕ್ಷಿಪಟಲ ನಿಧಾನವಾಗಿ ಸವೆದು ದೃಷ್ಟಿ ಹೋಗುವ ಅನುವಂಶೀಯ ಕಾಯಿಲೆಯೊಂದು ಲ್ಯಾಬ್ರಡಾರುಗಳಲ್ಲಿದೆ. ಅದೂ ದುರ್ಬಲ ಗುಣವೇ, ಜೋಡಿಯಾದಾಗ ಮಾತ್ರ ಹೊರಬೀಳುತ್ತದೆ. ಹೆಸರುಗಳು ಗೊತ್ತಿದ್ದರೆ ಒಂದೇ ಅಜ್ಜ ಎರಡೂ ಕಡೆ ಬಂದಿದೆಯೇ ಎಂದು ನೋಡಬಹುದು. ಪತ್ರ ಬಹಳ ಚೆನ್ನಾಗಿದ್ದೂ ಹೀಗೆ ನೋಡದವರಿದ್ದಾರೆ. ಗೆದ್ದ ನಾಯಿಯ ಸಂತತಿಯನ್ನೇ ಮತ್ತೆ ಮತ್ತೆ ಕೂಡಿಸಿ ಕೆಲವು ತಳಿಗಳನ್ನು ಕಾಯಿಲೆಯ ಗೂಡು ಮಾಡಿದರು. ಟೀಕೆ ಬಲವಾದ ಮೇಲೆ, ಒಡಹುಟ್ಟಿದ ನಾಯಿಗಳ ಮತ್ತು ತಂದೆ-ಮಗಳು, ತಾಯಿ-ಮಗ ಜೋಡಿಗಳ ಮರಿಗಳನ್ನು ನೋಂದಾಯಿಸುವುದನ್ನು ಲಂಡನ್ನಿನ ಕ್ಲಬ್ 2009ರಲ್ಲಿ ನಿಲ್ಲಿಸಿತು.

ನಮ್ಮ ಹುಡುಗಿಯ ನಾಯಿ ಊರ ಪ್ರದರ್ಶನದಲ್ಲಿ ಮೂರರಲ್ಲಿ ಮೂರನೆಯದಾಗಿ ಬಂತು ಅನ್ನೋಣ. ‘ಹಲ್ಲು ಸೊಗಸಾಗಿದೆ, ಸ್ವಭಾವ ಒಳ್ಳೆಯದು, ತೂಕ ಇಳಿಸಿ’ ಎಂದರು ತೀರ್ಪುಗಾರರು. ಮರುವಾರ ಹರಿಹರಕ್ಕೆ ಹೋದರೆ, ಆ ಮನೆಯವರು ಸಂಭ್ರಮದಿಂದ ಹೇಳುತ್ತಾರೆ: ‘ಮುಂದಿನ ಸಲ ಇವಳನ್ನು ಇವಳ ತಮ್ಮನ ಜೊತೆಗೇ ಬಿಡೋಣ ಅಂತಿದ್ದೀವಿ. ಬೇರೆ ಕಡೆ ಹುಡುಕೋ ತಾಪತ್ರಯ ಇಲ್ಲ ನೋಡವ್ವಾ.’

ಒಡಹುಟ್ಟಿದ ಎರಡು ನಾಯಿಗಳ ಮರಿಯಲ್ಲಿ, ಸರಾಸರಿ ನಾಲ್ಕರಲ್ಲೊಂದು ಜೀನು ಜೋಡಿ ಒಂದೇ ಪೂರ್ವಜನಿಂದ ಬಂದ ಒಂದೇ ಪ್ರತಿಯ ಎರಡು ನಕಲುಗಳಾಗಿರುತ್ತವೆ. ಬಚ್ಚಿಟ್ಟ ಕಾಯಿಲೆ ಹೊರಬರಲು ಅದೇ ದಾರಿ. ಹುಡುಗಿ ತನ್ನ ನೋಟುಬುಕ್ಕಿನ ಹಾಳೆ ಹರಿದು, ಮೆಂಡೆಲನ ಚೌಕ ಗೀಚಿ, ‘ಅಜ್ಜೀ, ಒಂದು ನಿಮಿಷ ಇಲ್ಲಿ ನೋಡ್ರಿ’ ಎಂದು ಶುರುಮಾಡಿದಳು.